ಪೋಖರಾದಿಂದ ಕಾಶಿಯವರೆಗೆ

ದೇವಿಯನ್ನು ಮಾರುವುದು ಮಧುಕೇಶ್ವರ ಭಟ್ಟನಿಗೆ ಅಷ್ಟೇನೂ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು, ಅದು ಗೊತ್ತಾದ ಮೇಲೂ ಹೇರಂಬಣ್ಣ ಬೈಯದೇ ಇದ್ದದ್ದು. ನಾಲ್ಕು ಬೈದು ಕೆನ್ನೆಗೆ ಎರಡು ಬಾರಿಸಿದ್ದರೆ ಮುಂದಿನದೆಲ್ಲ ನಡೆಯುತ್ತಲೇ ಇರಲಿಲ್ಲವೇನೋ. ಆ ಪುಣ್ಯಾತ್ಮ ಪಕ್ಕದಲ್ಲಿ ಕೂತು ಬೆನ್ನು ಸವರಿದ.

ಸುಂಕಸಾಳದಿಂದ ಒಳಗೆ ಹೋದರೆ ಸಿಗುವ ಆ ಸಣ್ಣ ದೇವಸ್ಥಾನದ ಪೂಜೆ ಎರಡು ದಾಯಾದಿ ಮನೆಗಳಿಗೆ ಸೇರಿದ್ದು. ಮೂರು ವರ್ಷ ಮಧುಕೇಶ್ವರನದು, ಮೂರು ವರ್ಷ ಅವನ ದೊಡ್ಡಪ್ಪನ ಮಗ ಹೇರಂಬನದು. ಇವನ ಸರದಿಯಲ್ಲೇ ಮಗಳು ಹರಿಣಿಯ ಹೃದಯದ ಕವಾಟ ಕೆಟ್ಟಿತು. ಮಂಗಳೂರಿನ ಡಾಕ್ಟರು ಆಪರೇಷನ್ನಿಗೆ ಒಂದು ತಿಂಗಳು ಗಡುವು ಕೊಟ್ಟರು. ಹಣಕ್ಕೆ ಯಾರ್ಯಾರ ಬಾಗಿಲು ಬಡಿದರೂ ಆಗದೇ ಹೋದಾಗ ಅವನು ಗೇಣುದ್ದದ ಪಂಚಲೋಹದ ಉತ್ಸವಮೂರ್ತಿಯನ್ನು ಪಂಚೆಯಲ್ಲಿ ಸುತ್ತಿ ಗೋವಾದ ಅಂಗಡಿಯೊಂದಕ್ಕೆ ಒಯ್ದ. ಅಲ್ಲಿಂದ ಅದು ಯಾವ ದೇಶಕ್ಕೆ ಹೋಯಿತೋ ಅವನು ಕೇಳಲಿಲ್ಲ. ಪೀಠದ ಮೇಲೆ ಹಿತ್ತಾಳೆಯ ಬೇರೊಂದು ಕೂತಿತು. ಹರಿಣಿ ಬದುಕಿದಳು. ಈಗ ಇಪ್ಪತ್ತೆರಡು ತುಂಬಿ, 2003ರ ಮೇ ಕೊನೆಯ ವಾರಕ್ಕೆ ಮದುವೆಯೂ ಗೊತ್ತಾಗಿತ್ತು.

ದೀಪಾವಳಿಗೆ ಸರದಿ ಹೇರಂಬನಿಗೆ ಬಂತು. ಮೊದಲ ದಿನವೇ ಅಭಿಷೇಕಕ್ಕೆ ಮೂರ್ತಿಯನ್ನೆತ್ತಿದವನಿಗೆ ಕೈ ಹೇಳಿತು, ಇದು ಆ ತೂಕವಲ್ಲ.

"ಆನು ಈಗ ಯಾರಿಗೂ ಹೇಳ್ತ್ನಿಲ್ಲೆ ಮಧು. ಇಬ್ರೂ ಕಾಶಿಗೆ ಹೋಪನ. ಅಲ್ಲಿ ಪ್ರಾಯಶ್ಚಿತ್ತ ಮಾಡ್ಕ್ಯ. ಬಂದ್ಮೇಲೆ ಹತ್ತು ಜನರ ಎದುರಿಗೆ ನೀನೇ ಹೇಳವು. ನೀ ಹೇಳದಿದ್ರೆ ಆನು ಹೇಳ್ತಿ."

"ಹರಿಣಿ ಮದ್ವೆ ಅಣ್ಣಯ್ಯ?"

"ದೇವಿ ನೋಡ್ಕ್ಯತ್ತು."

ದೇವಿ ಎಲ್ಲಿದ್ದಾಳೆ ನೋಡಿಕೊಳ್ಳಲಿಕ್ಕೆ! ಗಂಡಿನ ಕಡೆಯವರು ದೇವರ ಮೇಲೆ ಪ್ರಾಣ ಇಟ್ಟ ಜನ. ಸಾಯುತ್ತಿದ್ದ ಹುಡುಗಿಯನ್ನು ಉಳಿಸಿಕೊಂಡದ್ದು ಕಳ್ಳನ ಮಗಳು ಎನ್ನಿಸಿಕೊಂಡು ಮೂಲೆಯಲ್ಲಿ ಕೂರಲಿ ಎಂದೇ? ಮಧುಕೇಶ್ವರ ಅಣ್ಣನ ಕಾಲು ಹಿಡಿದ, ಅತ್ತ, ಎರಡು ಹೊತ್ತು ಊಟ ಬಿಟ್ಟ. ಹೇರಂಬ ತಾನೂ ಜೊತೆಗೆ ಅತ್ತನೇ ಹೊರತು ಮಾತು ಬದಲಿಸಲಿಲ್ಲ. ಒಳ್ಳೆಯವರ ಹಟ ಇದೆಯಲ್ಲ, ಅದು ಕೆಟ್ಟವರಿಗಿರುವುದಿಲ್ಲ ನೋಡಿ.

ಉಪಾಯ ಹೊಳೆದದ್ದು ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ. ಯಾತ್ರೆ ಮಾಡಿಸುವ ಶಾಂತಾರಾಮ ಅಲ್ಲೊಂದು ಪಟ್ಟಿ ಅಂಟಿಸಿದ್ದ. ಗೋರಖಪುರ, ಪೋಖರಾ, ಕಾಠ್ಮಂಡು, ಜನಕಪುರ, ಅಯೋಧ್ಯೆ, ಪ್ರಯಾಗ, ಕೊನೆಗೆ ಕಾಶಿ. ಮಧುಕೇಶ್ವರ ಅದನ್ನು ಮೂರು ಸಲ ಓದಿದ. ಕಾಶಿಗಿಂತ ಮೊದಲು ನೇಪಾಳ ಬರುತ್ತದೆ. ನೇಪಾಳ ಪರದೇಶ, ಆದರೆ ನಮ್ಮವರಿಗೆ ಪಾಸ್‌ಪೋರ್ಟು ಬೇಡ. ಗಡಿಯಲ್ಲಿ ಪೊಲೀಸನೊಬ್ಬ ಬಸ್ಸಿನೊಳಗೆ ತಲೆ ಹಾಕಿ ನೋಡಿ ಇಳಿದುಬಿಡುತ್ತಾನಂತೆ. ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ಬರೆದಿಡುವವರಿಲ್ಲ. ಮಾವೋವಾದಿಗಳ ಗಲಾಟೆಯಿಂದ ಅಲ್ಲಿನ ಪೊಲೀಸರಿಗೆ ಅವರ ತಲೆನೋವೇ ಸಾಕಾಗಿತ್ತು.

ಗುಂಪಿನ ಪುರೋಹಿತನಾಗಿ ಬರುತ್ತೇನೆಂದು ಅವನು ಶಾಂತಾರಾಮನಿಗೆ ಹೇಳಿದ. ಅಣ್ಣನ ಹೆಸರನ್ನೂ ಬರೆಸಿದ. ಹೇರಂಬನ ಸಂತೋಷ ನೋಡಬೇಕಿತ್ತು, ತಮ್ಮನಿಗೆಂದು ಹೊಸ ಶಾಲನ್ನೇ ತಂದ.

ಅಣ್ಣ ಸತ್ತನೆಂದು ಹೇಳಬಾರದು. ಇದು ಮಧುಕೇಶ್ವರನ ಯೋಜನೆಯ ಜೀವ. ಸತ್ತ ಎಂದರೆ ಹೇಗೆ, ಯಾವಾಗ, ಹೆಣ ಎಲ್ಲಿ ಎಂದು ಹತ್ತು ಪ್ರಶ್ನೆ. ಸನ್ಯಾಸಿಯಾದ ಎಂದರೆ ಊರು ಕೈಮುಗಿದು ಸುಮ್ಮನಾಗುತ್ತದೆ. ಹೇರಂಬನಿಗೆ ಹೆಂಡತಿ ತೀರಿಕೊಂಡು ಎಂಟು ವರ್ಷ, ಮಕ್ಕಳಿಲ್ಲ. ಕಾರವಾರದಲ್ಲಿ ಮದುವೆಯಾಗಿರುವ ತಂಗಿ ವಸುಮತಿ ಒಬ್ಬಳೇ ದಿಕ್ಕು. ಅವಳೊಬ್ಬಳು ನಂಬಿದರೆ ಮುಗಿಯಿತು.

ಅದಕ್ಕೂ ದಾರಿ ತಾನಾಗಿ ಸಿಕ್ಕಿತು. ರೈಲಿನಲ್ಲಿ ಎದುರಿಗೆ ಕೂತವರು ಗೋದಾವರಿಬಾಯಿ, ನಿವೃತ್ತ ಶಿಕ್ಷಕಿ, ವಸುಮತಿಯ ನೆರೆಮನೆಯವರು. ಕಂಡದ್ದನ್ನೆಲ್ಲ ನೆನಪಿಟ್ಟು, ಕೇಳಿದವರಿಗೂ ಕೇಳದವರಿಗೂ ಹೇಳುವ ಜನ. ಇಂಥ ಸಾಕ್ಷಿಯನ್ನು ಹುಡುಕಿದರೂ ಸಿಗಲಿಕ್ಕಿಲ್ಲ.

"ಅಣ್ಣಯ್ಯ, ಹಿಮಾಲಯ ಕಂಡ್ಮೇಲೆ ಅಲ್ಲೇ ಕೂತ್ಬಿಡವು ಹೇಳಿ ಕಾಣ್ತಾ?" ಅವರ ಕಿವಿಗೆ ಬೀಳುವ ಹಾಗೆ ಕೇಳಿದ.

ಹೇರಂಬ ನಕ್ಕ. "ಊರಲ್ಲಿ ಯಂಗೆ ಇನ್ನು ಎಂತ ಇದ್ದು ಮಾರಾಯ."

"ಅಯ್ಯ, ಹಂಗೆಲ್ಲಾ ಹೇಳೂಕಾಗ ಭಟ್ರೇ! ತಂಗಿ ಇಲ್ವಾ ನಿಮ್ಗೆ?" ಎಂದು ಗೋದಾವರಿಬಾಯಿ ಆಗಲೇ ಸೆರಗು ಕಣ್ಣಿಗೊತ್ತಿಕೊಂಡರು.

ಇದೇ ಮಾತನ್ನು ಗೋರಖಪುರದ ಛತ್ರದಲ್ಲೊಮ್ಮೆ, ಗಡಿ ದಾಟುವಾಗ ಬಸ್ಸಿನಲ್ಲೊಮ್ಮೆ ಆಡಿಸಿದ. ಮೂರನೇ ಸಲಕ್ಕೆ ಗುಂಪಿನ ಇಪ್ಪತ್ತು ಜನವೂ ಹೇರಂಬ ಭಟ್ಟರನ್ನು ಅರ್ಧ ಸನ್ಯಾಸಿಯೆಂದೇ ನೋಡತೊಡಗಿದ್ದರು.

ಪೋಖರಾದಲ್ಲಿ ಸೇತಿ ಎಂಬ ಹೊಳೆ ನೆಲವನ್ನು ಸೀಳಿಕೊಂಡು ಆಳದಲ್ಲಿ ಹರಿಯುತ್ತದೆ. ಕೆಲವು ಕಡೆ ಮೇಲೆ ನಿಂತರೆ ನೀರು ಕಾಣುವುದಿಲ್ಲ, ಸದ್ದು ಮಾತ್ರ. ಬಿದ್ದದ್ದು ಮತ್ತೆ ಸಿಗುವುದಿಲ್ಲವೆಂದು ಬಸ್ಸಿನ ಡ್ರೈವರು ತಮಾಷೆಗೆ ಹೇಳಿದ್ದ. ಮಧುಕೇಶ್ವರ ಹಿಂದಿನ ದಿನವೇ ಒಬ್ಬನೇ ಹೋಗಿ ಜಾಗ ನೋಡಿ ಬಂದ. ಬೇಲಿ ಇಲ್ಲ, ಮನೆ ಇಲ್ಲ, ಪೊದೆ ಇದೆ. ಮುಕ್ತಿನಾಥದ ಕಡೆಗೆ ನಡೆದು ಹೋಗುವ ಸಾಧುಗಳ ತಂಡವೊಂದು ಅಂದು ಊರಲ್ಲೇ ತಂಗಿತ್ತು, ಬೆಳಿಗ್ಗೆ ಹೊರಡುವುದಿತ್ತು. ದೇವರೇ ಒದಗಿಸಿದಂತಿದೆ ಎಂದುಕೊಂಡವನಿಗೆ ಆ ಮಾತಿಗೆ ತನಗೇ ನಾಚಿಕೆಯಾಯಿತು.

ಬೆಳಗಿನ ಬಿಸಿಲು ಬಿದ್ದಾಗ ಇಬ್ಬರೂ ಅಲ್ಲಿ ನಿಂತಿದ್ದರು. ಎದುರಿಗೆ ಬಿಳಿಯ ಪರ್ವತ. ಹೇರಂಬ ತುಂಬ ಹೊತ್ತು ನೋಡಿ, ತಮ್ಮನ ಹೆಗಲ ಮೇಲೆ ಕೈಯಿಟ್ಟ.

"ರಾತ್ರಿಯಿಡೀ ಯೋಚ್ನೆ ಮಾಡ್ದಿ ಮಧು. ಇಬ್ರೂ ಸೇರಿ ಮಾರಿದ್ದು ಹೇಳಿ ಹೇಳ್ವ. ಅರ್ಧ ಬೈಗುಳ ಯಂಗೂ ಬರ್ಲಿ."

ಅಯ್ಯೋ, ಆಗಲಾದರೂ ಕೈ ಹಿಂದೆ ಬರಬಾರದಿತ್ತೆ! ಬಂತು ಕೂಡ, ಒಂದು ಗಳಿಗೆ. ಆದರೆ ಯಾರು ಯಾರು ಸೇರಿ ಮಾರಿದರೇನು, ಮದುವೆ ನಿಲ್ಲುವುದು ಹರಿಣಿಯದೇ. ಮಧುಕೇಶ್ವರ ಕಣ್ಣು ಮುಚ್ಚಿ ಎರಡೂ ಕೈಯಿಂದ ದೂಡಿದ. ಕೂಗು ಕೇಳಲಿಲ್ಲ. ನೀರಿನ ಸದ್ದು ಮೊದಲಿದ್ದ ಹಾಗೆಯೇ ಇತ್ತು.

ಮುಂದಿನದೆಲ್ಲ ಎಣಿಸಿದಂತೆ ನಡೆಯಿತು. ಅಣ್ಣ ಸಾಧುಗಳ ಜೊತೆ ಹೊರಟೇಬಿಟ್ಟನೆಂದೂ, ಕೋಣೆಯಲ್ಲಿ ಉಳಿದಿದ್ದ ಕೈಗಡಿಯಾರ, ಕೊಡೆ ತೋರಿಸಿ, ಇವನ್ನೆಲ್ಲ ತನಗೆ ಕೊಟ್ಟು ತಿರುಗಿ ನೋಡದೆ ನಡೆದನೆಂದೂ ಹೇಳುವಾಗ ಅವನಿಗೆ ಅಳು ಬಂತು. ಆ ಅಳು ಸುಳ್ಳಾಗಿರಲಿಲ್ಲ. ಶಾಂತಾರಾಮ ಸ್ವಲ್ಪ ಹಿಂದೆಮುಂದೆ ನೋಡಿದ. ಮಧುಕೇಶ್ವರ ತಾನೇ ಎಲ್ಲ ಬರೆದು ಸಹಿ ಹಾಕಿಕೊಟ್ಟ ಮೇಲೆ ಸುಮ್ಮನಾದ. ಗೋದಾವರಿಬಾಯಿ ಬೆಟ್ಟಕ್ಕೆ ಕೈಮುಗಿದು, "ನಾ ರೈಲಲ್ಲೇ ಹೇಳಿದ್ನಲಾ, ಅವ್ರು ಬರೂ ಪೈಕಿ ಅಲ್ಲ" ಎಂದರು. ಬಸ್ಸು ಕಾಠ್ಮಂಡುವಿಗೆ ಹೊರಟಿತು.

ಊರಿಗೆ ಬಂದರೆ ಸುಂಕಸಾಳದಲ್ಲಿ ಹೆಮ್ಮೆಯೋ ಹೆಮ್ಮೆ. ನಮ್ಮ ಹೇರಂಬ ಭಟ್ಟರು ಹಿಮಾಲಯದಲ್ಲಿದ್ದಾರೆ! ಅಂಕೋಲೆಯ ಪೇಟೆಯಲ್ಲಿ ಪರಿಚಯದವರು ಮಧುಕೇಶ್ವರನನ್ನು ನಿಲ್ಲಿಸಿ ಕತೆ ಕೇಳಿದರು. ದೇವಸ್ಥಾನದ ಪೂಜೆ ಮತ್ತೆ ಅವನಿಗೇ ಬಂತು, ಹಿತ್ತಾಳೆಯ ದೇವಿಯನ್ನು ಇನ್ನು ಬೇರೆ ಯಾರೂ ಎತ್ತಬೇಕಾಗಿಲ್ಲ. ಹರಿಣಿಯ ಮದುವೆ ಕಾಗದ ಅಚ್ಚಾಗಿ ಬಂದಾಗ ಅದರ ವಾಸನೆ ನೋಡುತ್ತ ಅವನು ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡ.

ಮೊದಲ ಕಾಗದ ಕೊಡಲು ಕಾರವಾರಕ್ಕೆ, ವಸುಮತಿಯ ಮನೆಗೆ ಹೋದ. ಗಡಿಯಾರ, ಕೊಡೆಗಳನ್ನೂ ಒಯ್ದಿದ್ದ. ವಸುಮತಿ ಗಡಿಯಾರವನ್ನು ಕಣ್ಣಿಗೊತ್ತಿಕೊಂಡು ಅತ್ತಳು, ಆಮೇಲೆ, "ಇರ್ಲಿ, ಎಲ್ಲಾದ್ರೂ ಚೊಲೋ ಇದ್ರೆ ಸಾಕು ಮಧಣ್ಣ" ಎಂದು ಕಾಗದ ತೆರೆದು ಓದಿದಳು. ಅವಳು ನಂಬಿದಳು. ಮಧುಕೇಶ್ವರನ ಎದೆಯ ಮೇಲಿನ ಕಲ್ಲು ಇಳಿಯಿತು. ಅಷ್ಟರಲ್ಲಿ ದನಿ ಕೇಳಿ ಗೋದಾವರಿಬಾಯಿ ಪಕ್ಕದ ಮನೆಯಿಂದ ಬಂದರು.

"ಅಣ್ಣ ಹೋದ್ಮೇಲೆ ಭಟ್ರ ಅವಸ್ಥೆ ನೋಡೂಕಾಗ್ತಿರ್ಲಿಲ್ಲ ವಸುಮತಿ" ಎಂದರು ಅವರು, ಹೊಗಳುವ ಉಮೇದಿನಲ್ಲಿ. "ಪೋಖರಾದವರೆಗೆ ದಿನಾ ನಮ್ಗೆಲ್ಲಾ ಪೂಜೆ ಮಾಡಿ ತೀರ್ಥ ಕೊಡ್ತಿದ್ರು. ಅಲ್ಲಿಂದ ದೇವರ ಪೆಟ್ಟಿಗೆನೇ ಮುಟ್ಲಿಲ್ಲ. ಹೊಟ್ಟೆ ಸರಿ ಇಲ್ಲ ಹೇಳಿ ಪಶುಪತಿನಾಥನ ಗುಡಿ ಹೊರಗೇ ನಿಂತ್ರು. ಜನಕಪುರ, ಅಯೋಧ್ಯೆ, ಎಲ್ಲೂ ಒಳಗೆ ಬರ್ಲಿಲ್ಲ. ನಾವು ಕಾಶಿ ಮುಟ್ಟಿದ್ದು ಅಣ್ಣ ಹೋದ ಹನ್ನೊಂದನೇ ದಿನ. ಅಂದು ಗಂಗೆಯಲ್ಲಿ ಮುಳುಗಿ, ಜನಿವಾರ ಬದಲ್ಸಿ, ವಿಶ್ವನಾಥನ ಹತ್ರ ಹೋದ್ರು ನೋಡು. ಅಣ್ಣನ ಮೇಲೆ ಎಷ್ಟು ಮಾಯೆ!"

ಪೊಲೀಸರಿಗೆ, ಶಾಂತಾರಾಮನಿಗೆ, ಊರಿಗೆ, ಎಲ್ಲರಿಗೂ ಏನು ಹೇಳಬೇಕೆಂದು ಮಧುಕೇಶ್ವರ ಮೊದಲೇ ಯೋಚಿಸಿಟ್ಟಿದ್ದ. ಇದನ್ನು ಮಾತ್ರ ಯೋಚಿಸಿರಲಿಲ್ಲ, ಯೋಚಿಸಿ ಮಾಡಿದ್ದೂ ಅಲ್ಲ. ದಾಯಾದಿ ಸತ್ತರೆ ಹತ್ತು ದಿನ ದೇವರನ್ನು ಮುಟ್ಟುವಂತಿಲ್ಲ. ದೇವಿಯನ್ನು ಮಾರಿದ್ದ, ಅಣ್ಣನನ್ನು ಕೊಂದಿದ್ದ, ಆದರೆ ಸೂತಕದ ಮೈಯಲ್ಲಿ ಗುಡಿಯ ಮೆಟ್ಟಿಲು ಹತ್ತುವುದು ಅವನಿಂದ ಆಗಿರಲಿಲ್ಲ. ಅವನು ತಲೆಯೆತ್ತಿದಾಗ ವಸುಮತಿಯ ಹೆಬ್ಬೆರಳು ಬೆರಳ ಗೆರೆಗಳ ಮೇಲೆ ಒಂದೊಂದಾಗಿ ಸರಿದು ಹತ್ತಕ್ಕೆ ನಿಂತಿತ್ತು. ಅವಳೂ ಪುರೋಹಿತರ ಮನೆಯ ಮಗಳೇ. ಮದುವೆ ಕಾಗದವನ್ನು ಮಡಚಿ ಅವನ ಮುಂದೆ ನೆಲದ ಮೇಲಿಟ್ಟು, ಅವಳು ಬಹಳ ಮೆಲ್ಲಗೆ ಕೇಳಿದಳು: "ನಿಂದು ಹತ್ತು ದಿನ ಮುಗತ್ತು ಮಧಣ್ಣ. ಯಂಗೆ ಸುದ್ದಿ ಗೊತ್ತಾಗಿದ್ದು ಇವತ್ತು. ಆನು ಎಷ್ಟು ದಿನ ಸೂತಕ ಹಿಡಿಯವು?"