ಗೀಟು ಎಳೆದ ಹೆಸರು

ಆರು ವರ್ಷಗಳ ನಂತರ ಅದೇ ದನಿ!

"ಗಂಗೀ... ಇನ್ನೂ ಎಡಗೈಲೇ ಮಚ್ಚು ಹಿಡೀತೀಯಾ?"

ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ಗಂಗಲಕ್ಷ್ಮಿಯ ಕೈ ನಿಂತೇಹೋಯಿತು. ತಿಪಟೂರಿನ ಆ ಕೊಬ್ಬರಿ ಶೆಡ್ಡಿನ ಬಾಗಿಲಲ್ಲಿ ಸರ್ವಮಂಗಳ ನಿಂತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ನಗು ಮಾತ್ರ ಹಾಗೇ ಇತ್ತು.

'ದೇವರೇ, ಇವಳು ಇನ್ನೂ ನನ್ನ ನೋಡಿ ನಗ್ತಾಳಲ್ಲ...'

ಬೈದಿದ್ದರೆ ಗಂಗಲಕ್ಷ್ಮಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಂಗಳ ಸೀದಾ ಬಂದು ಅವಳ ಎದುರಿನ ಗೋಣಿಚೀಲದ ಮೇಲೆ ಕುಳಿತಳು. ಪಕ್ಕದಲ್ಲಿದ್ದ ಶೆಡ್ಡಿನ ಹಿರಿಯಳಾದ ಸಿದ್ದಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

"ಸಂಘದ ಪುಸ್ತಕ ಮಾಡ್ತಾವ್ರಂತೆ, ಹಳಬ್ರೆಲ್ಲ ಬರ್ಬೇಕಂತೆ. ನಿಂಗೋಸ್ಕರ ಬಂದೆ ಕಣೇ. ಕೆಲವ್ರ ಮುಖ ನೋಡಕ್ಕಲ್ಲ."

ಸಿದ್ದಕ್ಕ ತಲೆ ತಗ್ಗಿಸಿದಳು. ಆರು ವರ್ಷದಿಂದಲೂ ಆಕೆ ಏನೂ ಅಂದಿರಲಿಲ್ಲ!

ಈ ಶೆಡ್ಡಿನಲ್ಲಿ ಹೆಂಗಸರು ಜೋಡಿಯಾಗಿಯೇ ಕೂರುವುದು. ಒಬ್ಬಳು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳಿ ಕೊಡಬೇಕು. ಇನ್ನೊಬ್ಬಳು ಒಳಗಿನ ಉಂಡೆ ಒಡೆಯದಂತೆ ಚಿಪ್ಪು ಬಿಡಿಸಬೇಕು. ಕೂಲಿ ಲೆಕ್ಕದಲ್ಲಿ ಹೆಸರು ಬರೆಯುವುದೂ ಜೋಡಿಯಾಗಿಯೇ. ಗಂಗಲಕ್ಷ್ಮಿ, ಸರ್ವಮಂಗಳ ಎಂದು ಹನ್ನೊಂದು ವರ್ಷ ಬರೆದದ್ದುಂಟು. ಒಂದೇ ಬಾಡಿಗೆ ಮನೆ, ಒಂದೇ ಒಲೆ, ಒಂದೇ ಹೊದಿಕೆ. ಅದಕ್ಕೇನೆಂದು ಹೆಸರಿಡಬೇಕೆಂದು ಇಬ್ಬರೂ ಯೋಚಿಸಿದವರಲ್ಲ. ಸುಖವಾಗಿದ್ದರು, ಅಷ್ಟೇ.

ಶೆಡ್ಡಿಗೆ ಕಕ್ಕಸು ಬೇಕೆಂದು ಹೆಂಗಸರನ್ನು ಒಟ್ಟುಗೂಡಿಸಿ ಸಂಘ ಕಟ್ಟಿದ್ದು ಮಂಗಳ. ಅವಳು ಹುಳಿಯಾರಿಗೆ ಹೊರಟುಹೋದ ಮೇಲೆ ಆ ಹೆಸರೆಲ್ಲ ಗಂಗಲಕ್ಷ್ಮಿಗೆ ಬಂತು. ಹೊಗಳಿದಾಗಲೆಲ್ಲ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಊಟದ ಹೊತ್ತಿಗೆ ಸಂಘದ ಕಾರ್ಯದರ್ಶಿ ನಯನ ಬಂದು, ಎಲ್ಲರ ನಡುವೆ ಕಕ್ಕಸಿಗಾಗಿ ಬರೆದಿದ್ದ ಹಳೆಯ ಮನವಿ ಪತ್ರವನ್ನು ಬಿಡಿಸಿದಳು. ಜೋಡಿ ಜೋಡಿ ಹೆಸರುಗಳು. ಗಂಗಲಕ್ಷ್ಮಿಯ ಹೆಸರಿನ ಪಕ್ಕದಲ್ಲಿ ಮಾತ್ರ ದಪ್ಪ ಗೀಟು, ಅದರ ಮೇಲೆ ಸಿದ್ದಕ್ಕನ ಹೆಬ್ಬೆಟ್ಟು.

"ಪುಸ್ತಕಕ್ಕೆ ಇದ್ನೇ ಹಾಕ್ತೀವಿ. ಇಲ್ಲಿ ಯಾರ ಹೆಸರಕ್ಕಾ ಹೊಡೆದಾಕಿರೋದು?"

"ನಂದು" ಎಂದಳು ಮಂಗಳ. "ಹೊಡೆದಾಕಿದ್ದು ಯಾಕೆ ಅಂತ ಆ ಹೆಬ್ಬೆಟ್ಟು ಒತ್ತಿದೋರ್ನ ಕೇಳು. ನಮ್ಮಿಬ್ರ ಜೋಡಿ ಇವ್ರಿಗೆ ನಾಚ್ಕೆ ಆಗಿತ್ತು!"

ಗಂಗಲಕ್ಷ್ಮಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಸುಮ್ಮನಿದ್ದರೆ ಸಾಕು, ಮಂಗಳ ಇವತ್ತೇ ಮನೆಗೆ ಬರುತ್ತಾಳೆ. ಹೇಳಿದರೆ...? ಬಂದ ಬಾಗಿಲಲ್ಲೇ ಹೊರಟುಹೋಗುತ್ತಾಳೆ.

'ಆರು ವರ್ಷ ನುಂಗಿಕೊಂಡಿದ್ದೀಯ. ಇನ್ನೊಂದು ದಿನ ನುಂಗು ಗಂಗೀ...'

ಸಿದ್ದಕ್ಕ ಕಣ್ಣಲ್ಲೇ 'ಬುಡು' ಎಂದಳು. ಆ ಕರುಣೆಯನ್ನು ಗಂಗಲಕ್ಷ್ಮಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನು! ಗೀಟು ಎಳೆದೋಳು ನಾನು ಕಣೇ ಮಂಗಳಾ."

ಊಟ ಮಾಡುತ್ತಿದ್ದ ಕೈಗಳೆಲ್ಲ ನಿಂತವು.

"ಮೇಸ್ತ್ರಿ ಭೀಮರಾಜು ಪಟ್ಟಿ ನೋಡಿ, ಗಂಡ ಹೆಣ್ತಿ ಸೇರ್ಕೊಂಡು ಸಹಿ ಹಾಕವ್ರೆ ಅಂತ ನಗಾಡ್ದ. ಹೆದರ್ಕೊಂಬುಟ್ಟೆ. ನಾನೇ ಗೀಟು ಎಳೆದು, ಜೋಡಿ ಇಲ್ದಿದ್ದ ಸಿದ್ದಕ್ಕನ ಹೆಬ್ಬೆಟ್ಟು ಒತ್ತಿಸ್ದೆ. ನೀನು ಅವ್ರೇ ಮಾಡಿದ್ದು ಅಂದ್ಕೊಂಡೆ... ನಾನು ಅಲ್ಲ ಅನ್ಲಿಲ್ಲ."

ಮಂಗಳ ಎದ್ದು ನಿಂತಳು.

"ನಿಂಗೆ ಕೆಟ್ಟ ಹೆಸ್ರು ಬರ್ಬಾರ್ದು ಅಂತ ಊರು ಬಿಟ್ಟೆ ನಾನು! ಗೊತ್ತಾ?"

"ಗೊತ್ತು."

"ಈ ಸಿದ್ದಕ್ಕಂಗೆ ಎಷ್ಟು ಶಾಪ ಹಾಕಿದ್ದೀನಿ..."

"ಗೊತ್ತು ಕಣೇ. ಎಲ್ಲಾ ಗೊತ್ತಿದ್ದೂ ಸುಮ್ಕಿದ್ದೆ."

ಮಂಗಳ ಬಾಗಿಲ ತನಕ ನಡೆದಳು. ಹೊಸ್ತಿಲಿಗೆ ಒಂದು ಕಾಲೂ ಇಟ್ಟಳು. ಆಮೇಲೆ ತಿರುಗಿ ಬಂದು ಸಿದ್ದಕ್ಕನ ಪಾದ ಮುಟ್ಟಿದಳು.

"ನಾನೂ ಬಾಯ್ಬಿಡ್ಬೇಕಿತ್ತು ಮಗಾ" ಎಂದು ಮುದುಕಿ ಬಿಕ್ಕಿದಳು.

ಮಂಗಳ ನಯನಳ ಕೈಯಿಂದ ಪೆನ್ನು ಕಿತ್ತುಕೊಂಡು ಗಂಗಲಕ್ಷ್ಮಿಯ ಮುಂದೆ ಹಿಡಿದಳು.

"ಬರಿ. ಎಲ್ರ ಎದುರ್ಗೇ ಬರಿ."

ಗಂಗಲಕ್ಷ್ಮಿಗೆ ಬರೆಯಲು ಬರುತ್ತಿದ್ದದ್ದು ಎರಡೇ ಹೆಸರು, ತನ್ನದು ಮತ್ತು ಮಂಗಳಳದು. ಎರಡನ್ನೂ ಕಲಿಸಿದ್ದು ಮಂಗಳ. ಎಡಗೈಯಿಂದ ಗೀಟಿನ ಕೆಳಗೆ ಎರಡನೆಯ ಹೆಸರಿನ ಒಂದೊಂದೇ ಅಕ್ಷರ ಮೂಡಿಸಿದಳು.

ನಯನ ಮೆಲ್ಲಗೆ ಕೇಳಿದಳು. "ಪುಸ್ತಕದಲ್ಲಿ ಏನಂತ ಹಾಕ್ಲಿ ಅಕ್ಕಾ? ಇವ್ರು ನಿಮ್ಗೆ ಏನಾಗ್ಬೇಕು?"

"ನನ್ ಜೋಡಿ" ಎಂದಳು ಗಂಗಲಕ್ಷ್ಮಿ. "ಕೆಲ್ಸದಲ್ಲೂ, ಮನೇಲೂ. ಹಂಗೇ ಹಾಕವ್ವಾ."

ಯಾರೂ ನಗಲಿಲ್ಲ.

ಮಂಗಳ ಕಣ್ಣು ಒರೆಸಿಕೊಳ್ಳದೆ ಆ ಅಕ್ಷರಗಳನ್ನೇ ನೋಡುತ್ತಿದ್ದಳು.

"ಸೊಟ್ಟಪಟ್ಟ ಬರ್ದಿದ್ದೀಯ."

"ಆರು ವರ್ಷ ಬರ್ದಿರ್ಲಿಲ್ಲ."

"ಕೋಪ ಹೋಗಿಲ್ಲ ನಂಗೆ. ಬೇಗ ಹೋಗೋದೂ ಇಲ್ಲ."

"ಹೋಗೋ ತನ್ಕ... ಇಲ್ಲೇ ಇರ್ತೀಯಾ?"

ಮಂಗಳ ಎದುರಿನ ಗೋಣಿಚೀಲದ ಮೇಲೆ ಕುಳಿತು, ರಾಶಿಯಿಂದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಅವಳ ಕೈಗಿಟ್ಟಳು.

"ತಗೋ. ಹುಷಾರಾಗಿ ಬಿಡ್ಸು."

"ಹೂಂ ಕಣೇ..." ಎಂದಳು ಗಂಗಲಕ್ಷ್ಮಿ. ಕಣ್ಣೀರಲ್ಲಿ ಕಾಯಿ ಸರಿಯಾಗಿ ಕಾಣುತ್ತಿರಲಿಲ್ಲ.