ಅನ್ನದಲ್ಲಿ ನೆಟ್ಟ ಚಮಚ

"ನಿಮ್ಮಣ್ಣ ಬದುಕಿದಾನಾ?"

ಮಫ್ತಿ ಪೊಲೀಸ್ ದೋಸಿಕ್ ಆ ಮನೆಯ ಜಗಲಿಯಲ್ಲಿ ಕೂತು ಆಡಿದ ಮೊದಲ ಮಾತೇ ಅದು. ಮೂಲಂಗಿ ಹೆಚ್ಚುತ್ತಿದ್ದ ಮನೆಮಗಳು ಓಕ್ನಮ್ ಕೈ ನಿಲ್ಲಿಸಲಿಲ್ಲ.

"ಸತ್ತ ಅಂತ ಹೋದ ಸಲ ಬಂದವರಿಗೂ ಹೇಳಿದೀವಿ. ಬಂದವರಿಗೆಲ್ಲ ಒಂದೊಂದು ಸಲ ಸಾಯಿಸ್ಬೇಕಾ ಸಾಹೇಬ್ರೇ?"

ದೋಸಿಕ್ ತಲೆ ತಗ್ಗಿಸಿದ. ಪೊಲೀಸಿನವನೊಬ್ಬ ತಲೆ ತಗ್ಗಿಸಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅವನು ಉತ್ತರದವನು, ಯುದ್ಧದಲ್ಲಿ ಹಾಮ್‌ಹುಂಗ್‌ನಿಂದ ಓಡಿ ಬಂದವನು ಎಂದು ಮಾತಿನ ಧಾಟಿಯಲ್ಲೇ ಗೊತ್ತಾಯಿತು.

ಯುದ್ಧ ನಿಂತು ನಾಲ್ಕು ವರ್ಷವಾಗಿತ್ತು. ಕೊರಿಯಾ ಎರಡು ಹೋಳಾಗಿ, ನಡುವೆ ಮುಳ್ಳುತಂತಿ ಬಿದ್ದಿತ್ತು. ಓಕ್ನಮ್‌ಳ ಅಣ್ಣ ಮುನ್‌ಹೋ, ಉತ್ತರದ ಕಮ್ಯುನಿಸ್ಟರ ಕೆಂಪು ಸೈನ್ಯ ಹಿಂದೆ ಸರಿಯುವಾಗ ಅದರ ಜೊತೆಗೇ ಉತ್ತರಕ್ಕೆ ಹೋದವನು. ಅಲ್ಲಿ ಮೇಷ್ಟ್ರಾಗಿದ್ದಾನೆ ಎಂದು ಅಲ್ಲಿಂದ ಬಿಡುಗಡೆಯಾಗಿ ಬಂದ ಯುದ್ಧಕೈದಿಯೊಬ್ಬ ತಾಯಿಯ ಕಿವಿಯಲ್ಲಿ ಉಸುರಿದ್ದ.

ಆದರೆ ದಕ್ಷಿಣದಲ್ಲಿ ಕೆಂಪರ ಮನೆ ಎನಿಸಿಕೊಂಡರೆ ಮುಗಿಯಿತು. ಕೆಲಸವಿಲ್ಲ, ಮದುವೆಯಿಲ್ಲ. ಸತ್ತವನ ಮನೆಗಾದರೆ ಒಂದಿಷ್ಟು ಕನಿಕರ ಸಿಗುತ್ತದೆ. ಹಾಗಾಗಿ ತಾಯಿ ಮಗಳು ಸೇರಿ ಅವನನ್ನು ಬಾಯಲ್ಲೇ ಕೊಂದಿದ್ದರು. ಸುಳ್ಳು ಬಯಲಾದರೆ ಇಬ್ಬರಿಗೂ ಜೈಲೇ ಗತಿ.

ತಿಂಗಳಿಗೊಮ್ಮೆ ಬರಬೇಕಾದ ದೋಸಿಕ್ ವಾರಕ್ಕೊಮ್ಮೆ ಬರತೊಡಗಿದ. ಒಮ್ಮೆ ಒಣಮೀನು ತಂದ.

"ಇದೂ ವಿಚಾರಣೆನಾ?"

"ಒಣಮೀನಿಗೆಲ್ಲ ನೀವು ಬಾಯಿ ಬಿಡಲ್ಲ ಅಂತ ಗೊತ್ತು. ತಿನ್ನಿ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೇ ಭಯವೂ ಆಯಿತು. 'ಇವನು ಬರೋದು ನನಗಾಗಿನಾ... ಅಣ್ಣನಿಗಾಗಿನಾ?'

ಶರತ್ಕಾಲದಲ್ಲಿ ಒಂದು ದಿನ ಅವನು ದನಿ ತಗ್ಗಿಸಿದ. "ಇನ್‌ಸ್ಪೆಕ್ಟರ್‌ಗೆ ಅನುಮಾನ ಬಂದಿದೆ. ಸತ್ತಿದ್ರೆ ಶ್ರಾದ್ಧ ಯಾಕೆ ಮಾಡಲ್ಲ ಅಂತಾರೆ. ಮಾಡಿಬಿಡಿ."

ಬಲೆ ಎಂದುಕೊಂಡಳು ಓಕ್ನಮ್.

"ಮೀನು ತಂದಿದ್ದು ಇದಕ್ಕೇನಾ? ಇನ್ನು ಬರಬೇಡಿ."

ಆದರೆ ಶ್ರಾದ್ಧ ಮಾಡದಿದ್ದರೆ ಅನುಮಾನ ಗಟ್ಟಿಯಾಗುತ್ತಿತ್ತು. ಸತ್ತ ದಿನ ತಿಳಿಯದವರಿಗೆ ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಶ್ರಾದ್ಧ. ನಡುರಾತ್ರಿ ಆಗಬೇಕಾದ್ದು, ಕರ್ಫ್ಯೂ ಕಾರಣ ಸಂಜೆಗೇ ಇಟ್ಟುಕೊಂಡರು. ನೆರೆಯವರು ಸೇರಿದರು. ಕೊನೆಗೆ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಹೋಂಗ್ ಕಾಣಿಸಿಕೊಂಡ. ಅವನ ಹಿಂದೆ ದೋಸಿಕ್.

'ಕರ್ಕೊಂಡೇ ಬಂದನಲ್ಲ ಪಾಪಿ...'

ಹೆತ್ತವಳು ಮಗನಿಗೆ ಅಡ್ಡಬೀಳುವಂತಿಲ್ಲ, ತಂಗಿಯೇ ಎಲ್ಲ ಮಾಡಬೇಕು. ಬಿಸಿ ಅನ್ನದ ಬಟ್ಟಲು ಮುಂದಿತ್ತು. ಸತ್ತವರ ಅನ್ನದಲ್ಲಿ ಚಮಚವನ್ನು ನೆಟ್ಟಗೆ ನೆಡಬೇಕು. ಬದುಕಿದ್ದವರ ಅನ್ನದಲ್ಲಿ ನೆಟ್ಟರೆ ಸಾವನ್ನು ಮನೆಗೆ ಕರೆದಂತೆ. ಮಕ್ಕಳು ಆಟಕ್ಕೆ ನೆಟ್ಟರೂ ಬೆನ್ನಿಗೆ ಗುದ್ದು ಬೀಳುತ್ತದೆ.

ಓಕ್ನಮ್ ಚಮಚ ಎತ್ತಿದಳು. 'ಅಣ್ಣಾ, ಇಷ್ಟು ದಿನ ಬರೀ ಬಾಯಲ್ಲಿ ಹೇಳಿದ್ದು... ಇದು ನನ್ನ ಕೈ.' ಅವಳಿಗೇ ತಿಳಿಯದಂತೆ ಆ ಕೈ ಚಮಚವನ್ನು ಬಟ್ಟಲಿನ ಪಕ್ಕದಲ್ಲಿ ಮಲಗಿಸಿಬಿಟ್ಟಿತು.

"ಏನಮ್ಮಾ," ಹೋಂಗ್ ನಕ್ಕ, "ಅಣ್ಣ ಊಟಕ್ಕೆ ಬರ್ತಿದಾನಾ?"

ತಾಯಿಯ ಮುಖ ಬಿಳಿಚಿಕೊಂಡಿತು. ದೋಸಿಕ್ ಬೂಟು ಬಿಚ್ಚಿ ಒಳಗೆ ಬಂದ.

"ದುಃಖಕ್ಕೆ ಕೈ ನಡುಗ್ತಿದೆ ಸಾರ್. ನಾನು ನೆಡ್ತೀನಿ."

"ಮನೆಯವರಲ್ಲದೆ ಬೇರೆಯವರು ಮುಟ್ಟೋ ಹಾಗಿಲ್ಲ. ನೀನ್ಯಾರು?"

"ಈ ಮನೆ ಅಳಿಯ ಆಗೋನು."

ದೋಸಿಕ್ ಚಮಚ ತೆಗೆದುಕೊಂಡು ಅನ್ನದ ನಟ್ಟನಡುವೆ ನೆಟ್ಟ. ಎರಡು ಸಲ ಅಡ್ಡಬಿದ್ದ. ಓಕ್ನಮ್ ನೆಲಕ್ಕೆ ಬಿದ್ದು ಗೋಳಾಡಿದಳು. ಅಂಥ ಅಳುವನ್ನು ಯಾರೂ ನಟಿಸಲಾರರು. ಹೋಂಗ್‌ಗೆ ಅಷ್ಟೇ ಸಾಕಾಯಿತು.

ಹೊರಡುವಾಗ ಅವನು ದೋಸಿಕ್ ಕಡೆ ಕೈ ಚಾಚಿದ. "ಸತ್ತರೂ ಕೆಂಪ ಕೆಂಪನೇ. ಅವನ ಮನೆ ಅಳಿಯನಿಗೆ ನನ್ನ ಠಾಣೇಲಿ ಜಾಗ ಇಲ್ಲ. ಬಿಲ್ಲೆ ಕೊಡು."

ದೋಸಿಕ್ ಜೇಬಿನಿಂದ ತೆಗೆದು ಕೊಟ್ಟ.

ಎಲ್ಲರೂ ಹೋದ ಮೇಲೆ ಇಬ್ಬರೂ ಜಗಲಿಯಲ್ಲಿ ಉಳಿದರು.

"ಅಣ್ಣ ಬದುಕಿರೋದು ನಿಮಗೆ ಗೊತ್ತಿತ್ತಾ?"

"ಮೊದಲ ದಿನವೇ. ನಿಜವಾಗ್ಲೂ ಅಣ್ಣನ್ನ ಕಳ್ಕೊಂಡವಳು ಅಷ್ಟು ಜಗಳ ಆಡಲ್ಲ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ನಮ್ಮಮ್ಮ ಆ ಕಡೆ ಇದಾಳೆ. ನಾನು ಈ ಕಡೆ ಬಂದಿದ್ದಕ್ಕೆ ಅವಳ ಜಗಲಿ ಮೇಲೂ ಯಾವನೋ ಒಬ್ಬ ಕೂತಿರ್ತಾನೆ." ಅವನು ಉತ್ತರದ ಕಡೆ ನೋಡಿದ. "ಇಷ್ಟೊತ್ತಿಗೆ ಅವಳೂ ನನ್ನ ಸಾಯಿಸಿರ್ಬೇಕು."

ಓಕ್ನಮ್ ಮೆಲ್ಲಗೆ ಅವನ ಕೈ ಹಿಡಿದಳು. ಅಣ್ಣನನ್ನು ಕೊಂದ ಕೈ, ತನ್ನನ್ನು ಉಳಿಸಿದ ಕೈ. ಬಿಡಲು ಮನಸ್ಸಾಗಲಿಲ್ಲ.

"ಪ್ರೀತಿ ಇದೆ ಅಂತ ಮೊದಲೇ ಹೇಳಬಾರದಿತ್ತಾ?"

"ಪೊಲೀಸಿನವನು ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

"ಒಂದಿನ ಅಣ್ಣ ಬಂದು, ನನ್ನನ್ಯಾಕೆ ಕೊಂದ್ರಿ ಅಂತ ಕೇಳಿದ್ರೆ... ಏನು ಹೇಳೋಣ?"

"ಕೇಳೋಕಾದ್ರೂ ಬರಲಿ, ಓಕ್ನಮ್."