ನಲವತ್ತೊಂದನೇ ಟ್ಯೂಬ್

"ಒಂಬತ್ತನೇ ಕ್ಲಾಸಿಗೇ ಪುಸ್ತಕ ಎಸೆದು ಬಂದವರ ಕೈಗೆ ಟ್ಯೂಬ್ ಕೊಟ್ಟರೆ ಇದೇ ಆಗೋದು ಸಾರ್. ಒಂದು ಪ್ರಾಣಿಗೆ ಒಂದು ಟ್ಯೂಬ್. ಇಷ್ಟು ಎಣಿಸೋಕೂ ಬರಲ್ವಾ ಇವರಿಗೆ?"

ಸೋಮವಾರದ ಮೀಟಿಂಗು. ಮೇಜಿನ ಸುತ್ತ ಹನ್ನೊಂದು ಜನ. ಹೇಳಿದವಳು ಕಂಪ್ಯೂಟರ್ ಮೇಡಂ. ಹೇಳಿಸಿಕೊಂಡವನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಬಾವಲಿ ಹಿಡಿಯುವವನು. ಲ್ಯಾಬಿನವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಬಲೆರಾಯ ಅಂತ. ಯಾರೋ ಕಿಸಕ್ಕೆಂದರು. ಅವನ ಕಿವಿ ಬಿಸಿಯಾಯಿತು.

ಅವರ ಕೆಲಸ ಸುಲಭವಾಗಿ ಹೇಳಬೇಕೆಂದರೆ ಇಷ್ಟು. ಅವನು ಪಾಳು ಗಿರಣಿಯಲ್ಲಿ ಬಾವಲಿ ಹಿಡಿದು, ಬಾಯೊಳಗೆ ಹತ್ತಿಕಡ್ಡಿ ಆಡಿಸಿ, ಟ್ಯೂಬಿಗೆ ಹಾಕಿ ತರುತ್ತಾನೆ. ಅದರಲ್ಲಿರುವ ವೈರಸ್ಸಿನ ಜೀನುಗಳನ್ನು ಮೆಷಿನ್ನು ಚೂರುಚೂರಾಗಿ ಓದುತ್ತದೆ. ಕಂಪ್ಯೂಟರು ಆ ಚೂರುಗಳನ್ನು ಜೋಡಿಸುತ್ತದೆ. ಆಮೇಲೆ ಮೇಡಂ ಮೂರು ವರ್ಷ ಕೂತು ಪಳಗಿಸಿದ ಎಐ ಮಾಡೆಲ್ಲು, ಈ ವೈರಸ್ಸು ನಾಳೆ ಮನುಷ್ಯರಿಗೆ ಹಾರೀತೇ ಎಂದು ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತದೆ. ಎಂದೂ ನಲವತ್ತು ದಾಟದ ಅಂಕ, ನಲವತ್ತೊಂದನೇ ಟ್ಯೂಬಿಗೆ ತೊಂಬತ್ತಮೂರು ಬಂದಿತ್ತು.

ಆದರೆ ಆ ವೈರಸ್ಸಿನ ತಲೆ ಒಂದರದ್ದು, ಬಾಲ ಇನ್ನೊಂದರದ್ದು. ಎರಡು ಬಾವಲಿಯ ಎಂಜಲು ಒಂದೇ ಟ್ಯೂಬಿಗೆ ಬಿದ್ದರೆ ಕಂಪ್ಯೂಟರು ಹಾಗೆ ತಪ್ಪು ಹೊಲಿಗೆ ಹಾಕುವುದುಂಟು.

"ನಲವತ್ತೊಂದರಲ್ಲಿ ಇದ್ದದ್ದು ಒಂದೇ ಪ್ರಾಣಿ ಮೇಡಂ," ಅಂದ ಅವನು. ದನಿ ಏರಲಿಲ್ಲ, ಹಲ್ಲು ಮಾತ್ರ ಕಚ್ಚಿಕೊಂಡಿದ್ದವು. "ಹೆಣ್ಣು. ಬಲಗಿವಿ ಹರಿದಿತ್ತು. ಹೆಬ್ಬೆರಳ ಉಗುರಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ ಬಿಟ್ಟಿದೀನಿ. ಮತ್ತೆ ಹಿಡೀತೀನಿ."

"ಮೂರು ಸಾವಿರ ಬಾವಲೀಲಿ ಅದೊಂದನ್ನ?"

"ಹೂಂ."

"ಅದೇ ಇದು ಅಂತ ನಾನು ಹೇಗೆ ನಂಬಲಿ?"

"ಬಂದು ನೋಡಿ."

ದೊಡ್ಡ ಸಾರ್ ಕನ್ನಡಕ ತೆಗೆದು ಒರೆಸಿದರು. "ಇಬ್ಬರೂ ಹೋಗಿ. ಸರ್ಕಾರಕ್ಕೆ ಎಚ್ಚರಿಕೆ ಕಳಿಸಬೇಕೋ ಬೇಡವೋ, ಶುಕ್ರವಾರ ನನಗೆ ಹೇಳಿ."

ಅವತ್ತು ಸಂಜೆ ಅಕ್ಕ ಅವನನ್ನು ಮನೆ ಬಾಗಿಲಲ್ಲೇ ಹಿಡಿದಳು. "ಏನೋ, ಹರಳೆಣ್ಣೆ ಕುಡಿದವನ ಥರ ಮುಖ?"

"ಅಕ್ಕಾ, ನಿನ್ನ ಇನ್ನೊಂದು ನೇಲ್ ಪಾಲಿಶ್ ಕೊಡೇ."

"ಅಯ್ಯೋ, ಆ ಕೆಂಪು ಬಾಟ್ಲಿ ಎತ್ತಿಕೊಂಡು ಹೋದವನು ನೀನೇನಾ! ಯಾವ ಮಹಾರಾಣಿಗೋ?"

"ಬಾವಲಿಗೆ."

"ಸರಿ ಬಿಡು. ನಿನ್ನ ಹಣೇಲಿ ಅದೇ ಬರೆದಿರೋದು."

ಅವನು ನಗಲಿಲ್ಲ. ಹನ್ನೊಂದು ಜನರ ಮುಂದೆ ಅಂದದ್ದು ಬೇರೆ ಯಾರಾದರೂ ಆಗಿದ್ದರೆ ಕೊಡವಿಕೊಂಡು ಹೋಗುತ್ತಿದ್ದ. ಅಂದವಳು ಅವಳು. ಪ್ರತಿ ವಾರ ಟ್ಯೂಬಿನ ಪೆಟ್ಟಿಗೆ ಕೊಡುವ ನೆಪದಲ್ಲಿ ಅವಳ ಮೇಜಿನ ಮುಂದೆ ಎರಡು ನಿಮಿಷ ಹೆಚ್ಚಿಗೆ ನಿಲ್ಲುತ್ತಿದ್ದ ಅವನಿಗೆ, ಜಗತ್ತೇ ನಂಬದಿದ್ದರೂ ಅವಳು ತನ್ನ ಕೈಯನ್ನು ನಂಬಬೇಕಿತ್ತು. ಅಷ್ಟೇ ಬೇಕಿತ್ತು.

ಬಾವಲಿಗಳು ಮೇವು ಮುಗಿಸಿ ಮರಳುವುದು ಬೆಳಕು ಹರಿಯುವಾಗ. ಮಂಗಳವಾರ, ಬುಧವಾರ, ಎರಡು ಮುಂಜಾವೂ ಗಿರಣಿಯ ಕಿಟಕಿಗೆ ಬಲೆ ಕಟ್ಟಿದರು. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಮಾಸ್ಕು, ಎರಡೆರಡು ಗ್ಲೌಸು. ಅವಳಲ್ಲಿ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಮೀಟಿಂಗಿನಲ್ಲಿ ಸೂಜಿಯಂತಿದ್ದ ಕಣ್ಣು ಇಲ್ಲಿ, ದಪ್ಪ ಗಾಜಿನ ಹಿಂದೆ, ಪ್ರತಿ ರೆಕ್ಕೆ ಸದ್ದಿಗೂ ಅಗಲವಾಗುತ್ತಿತ್ತು. ಅವನು ನೋಡಿದರೆ ಸರಕ್ಕನೆ ಬಲೆಯ ಕಡೆ ಹೊರಳುತ್ತಿತ್ತು. ಅವನು ಬಲೆಗೆ ತಿರುಗಿದನೋ, ಮೆಲ್ಲಗೆ ವಾಪಸು ಬರುತ್ತಿತ್ತು.

"ನನ್ನ ನೋಡ್ಬೇಡಿ. ಬಲೆ ನೋಡಿ," ಅಂದಳು.

"ನೀವು ನೋಡ್ತಿರೋದನ್ನ ನೋಡಿದೆ ಅಷ್ಟೇ."

ಮಾಸ್ಕಿನ ಅಂಚು ಮೇಲೇರಿತು. ನಕ್ಕಳೇನೋ.

ಸೂಟು ಬಿಚ್ಚಿ, ಕೈತೊಳೆದು, ವ್ಯಾನಿನ ಹಿಂದೆ ಟೀ ಕುಡಿಯುವಾಗ ಅವಳಿಗೆ ಅವನ ಬೆರಳು ಕಂಡಿತು. "ನಿಮ್ಮ ಉಗುರಿಗೂ ಹತ್ತಿದೆಯಲ್ಲ ಕೆಂಪು. ನಿಮ್ಮನ್ನ ಯಾರು ಹಿಡಿದು ಬಿಟ್ಟಿದ್ದು?"

"ಹಿಡಿದವರು ಇನ್ನೂ ಬಿಟ್ಟಿಲ್ಲ."

ಅವಳು ಲೋಟದೊಳಗೆ ಮುಖ ಹುದುಗಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಯಾಕೆ ಓದು ಬಿಟ್ರಿ?"

"ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬಂದ ಜ್ವರ ನಿಮಗೂ ನೆನಪಿರಬೇಕು. ಅಪ್ಪನ ಮುಖ ಆಸ್ಪತ್ರೆ ಗಾಜಿನ ಆಚೆಯಿಂದ ನೋಡಿದ್ದೇ ಕೊನೆ. ಯಾರಿಗೂ ಮೊದಲೇ ಗೊತ್ತಾಗಲಿಲ್ಲ ಅಂದರು ಡಾಕ್ಟರು. ಮೊದಲೇ ಗೊತ್ತಾಗಲಿಲ್ಲ! ಆ ಮಾತು ಇವತ್ತಿಗೂ ಎದೆ ಉರಿಸುತ್ತೆ ಮೇಡಂ. ಮುಂದಿನದು ಎಲ್ಲಿಂದ ಬರುತ್ತೋ ಅಲ್ಲೇ ಹೋಗಿ ಕೂರ್ತೀನಿ ಅಂತ ಬಂದೆ. ಇಲ್ಲಿ ಬಲೆ ಕಟ್ಟೋಕೆ ಜನ ಬೇಕಿತ್ತು."

ಅವಳು ತನ್ನ ಬಿಸ್ಕತ್ತು ಮುರಿದು ಅರ್ಧ ಅವನ ಮುಂದೆ ಇಟ್ಟಳು.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಬಲೆ ಜಗ್ಗಿತು. ಹರಿದ ಬಲಗಿವಿ, ಹೆಬ್ಬೆರಳಲ್ಲಿ ಮಾಸಿದ ಕೆಂಪು. ಅವನು ಕೂಗಿದ. "ನೋಡಿ! ನೋಡಿ ಮೇಡಂ, ಅದೇ!"

ಎದೆಗೆ ಮರಿಯೊಂದು ಕಚ್ಚಿಕೊಂಡಿತ್ತು, ಅವತ್ತಿನ ಹಾಗೇ. ಬಾವಲಿ ಹಿಡಿಯುವವರಲ್ಲಿ ಹಳೆಯ ಪದ್ಧತಿ. ತಾಯಿಯ ಎದೆ ಬಿಡದ ಮರಿಯನ್ನು ಬಿಡಿಸಬಾರದು, ಬಿಡದವರೆಗೆ ಅದನ್ನು ಬೇರೆ ಎಣಿಸಲೂಬಾರದು. ಅವನಿಗೆ ಕೆಲಸ ಕಲಿಸಿದ ಮುದುಕ ಹಾಗೇ ಹೇಳಿಕೊಟ್ಟಿದ್ದ. ಅವನ ಲೆಕ್ಕದ ಪುಸ್ತಕದಲ್ಲಿ ಅದು ಒಂದೇ ಪ್ರಾಣಿ.

ತಾಯಿಯ ಬಾಯಿಂದ ಹತ್ತಿಕಡ್ಡಿ ಹೊರಗೆ ಬಂತು. ಮರಿ ಕತ್ತು ಚಾಚಿ ಅದನ್ನು ಲೊಚಲೊಚನೆ ನೆಕ್ಕಿತು.

ಅವನ ಕೈ ನಿಂತುಬಿಟ್ಟಿತು.

ಅವಳು ಆಚೆ ಬಗ್ಗಿ ಟ್ಯೂಬಿಗೆ ನಂಬರ್ ಬರೆಯುತ್ತಿದ್ದಳು, ನೋಡಿರಲಿಲ್ಲ. ಕಡ್ಡಿಯನ್ನು ಹಾಗೇ ಟ್ಯೂಬಿಗೆ ಇಳಿಬಿಟ್ಟರೆ ಅಂಕ ಮತ್ತೆ ತೊಂಬತ್ತಮೂರು. ಅವನ ಮಾತು ಗೆದ್ದಂತೆ, ಹನ್ನೊಂದು ಜನರೂ ತಲೆ ತಗ್ಗಿಸಿದಂತೆ. ಒಂದು ಉಸಿರಿನಷ್ಟು ಹೊತ್ತು ಆ ಆಸೆ ಅವನನ್ನು ಹಿಡಿದಿತ್ತು. ಆದರೆ ಸುಳ್ಳು ಎಚ್ಚರಿಕೆ ಕೂಗಿದ ಬಾಯನ್ನು ನಿಜವಾದ ಜ್ವರ ಬಂದಾಗ ಯಾರು ನಂಬುತ್ತಾರೆ?

"ಮೇಡಂ," ಅಂದ. "ನೀವಂದದ್ದೇ ಸರಿ. ನಲವತ್ತೊಂದರಲ್ಲಿ ಎರಡು ಪ್ರಾಣಿ ಇತ್ತು. ಇಲ್ಲಿ ನೋಡಿ."

ಅವಳು ಮರಿಯನ್ನು ನೋಡಿದಳು, ಕಡ್ಡಿಯನ್ನು ನೋಡಿದಳು, ಆಮೇಲೆ ಅವನನ್ನು. ಈ ಸಲ ಕಣ್ಣು ಹೊರಳಲಿಲ್ಲ. ಗಾಜಿನೊಳಗೆ ಹಬೆ ಕಟ್ಟಿತು. ಒರೆಸಿಕೊಳ್ಳಲು ಆಗುವಂತಿರಲಿಲ್ಲ, ಹಾಗೇ ನಿಂತಿದ್ದಳು.

ಹೊಸ ಕಡ್ಡಿಗಳಲ್ಲಿ ತಾಯಿಗೊಂದು ಟ್ಯೂಬು, ಮರಿಗೊಂದು ಟ್ಯೂಬು. ಶುಕ್ರವಾರದ ಮೀಟಿಂಗಿನಲ್ಲಿ ಅವನು ಗೋಡೆ ಬಿಟ್ಟು ಮುಂದೆ ಬಂದು, ತಪ್ಪು ಎಲ್ಲಾಯಿತೆಂದು ತಾನೇ ಹೇಳಿದ. ಮತ್ತೆ ಯಾರೋ ಕಿಸಕ್ಕೆನ್ನುವಷ್ಟರಲ್ಲಿ ಅವಳು ಎದ್ದು ನಿಂತಳು.

"ನಗೋದು ಆಮೇಲೆ. ತಾಯಿಗೆ ಬಂದ ಅಂಕ ಮೂವತ್ತೊಂದು, ಮರಿಗೆ ಇಪ್ಪತ್ತೆಂಟು. ಎರಡೂ ಬಡಪಾಯಿ ವೈರಸ್ಸು. ಆದರೆ ಎರಡೂ ಸೇರಿದರೆ ತೊಂಬತ್ತಮೂರು. ಆ ವೈರಸ್ಸು ಇನ್ನೂ ಹುಟ್ಟಿಲ್ಲ. ಅದರ ಅಪ್ಪ ಅಮ್ಮ ಇಬ್ಬರೂ ಒಂದೇ ಎದೆಯಲ್ಲಿ ಸಂಸಾರ ಹೂಡಿದ್ದಾರೆ, ಅಷ್ಟೇ. ನನ್ನ ಮಾಡೆಲ್ಲು ಎಡವಿಬಿದ್ದು ಮುಂದಿನದನ್ನ ತೋರಿಸಿತು. ಇವರು ಬಾಯಿ ಮುಚ್ಚಿಕೊಂಡಿದ್ದರೆ ಅದು ನಮಗೆ ಗೊತ್ತೇ ಆಗ್ತಿರಲಿಲ್ಲ. ಸೋಮವಾರ ನಾನಾಡಿದ ಮಾತು ಕೊಳಕು ಮಾತು. ಎಲ್ಲರ ಮುಂದೆ ಆಡಿದ್ದೆ, ಎಲ್ಲರ ಮುಂದೇ ವಾಪಸು ತಗೋತೀನಿ."

ದೊಡ್ಡ ಸಾರ್ ಗಿರಣಿಗೆ ಪ್ರತಿ ವಾರವೂ ಕಾವಲು ಅಂತ ಬರೆದು ಸಹಿ ಹಾಕಿದರು.

ಕಾರಿಡಾರಿನಲ್ಲಿ ಅವಳು ಓಡಿಬಂದು ಅವನ ತೋಳು ಹಿಡಿದಳು. ಮಾಸ್ಕಿಲ್ಲ, ಗಾಜಿಲ್ಲ. ಇಡೀ ಮುಖ ಅವನಿಗಾಗಿಯೇ ತೆರೆದಿತ್ತು.

"ನನಗೆ ನೀನು ಬೇಕು," ಅಂದಳು. ನೀವು ಹೋಗಿ ನೀನು ಆದದ್ದು ಇಬ್ಬರಿಗೂ ತಿಳಿಯಿತು. "ಬೆಳಿಗ್ಗೆ ಎದ್ದರೆ ನಿನ್ನ ಕೈ ನೆನಪಾಗುತ್ತೆ. ಆ ಪುಟ್ಟ ರೆಕ್ಕೆಗೆ ನೋವಾಗದ ಹಾಗೆ ಹಿಡೀತೀಯಲ್ಲ, ಆ ಕೈ."

ಅವನಿಗೆ ಮೂರು ವರ್ಷದ ಎರಡೆರಡು ನಿಮಿಷಗಳೆಲ್ಲ ಒಟ್ಟಿಗೆ ಬಂದು ಎದುರು ನಿಂತಂತಾಯಿತು. "ನನಗೂ," ಅಂದ.

"ಹಾಗಾದರೆ ಒಂದು ಕೆಲಸ ಮಾಡು. ಪ್ರೈವೇಟಾಗಿ ಪರೀಕ್ಷೆ ಕಟ್ಟು. ನಾನೇ ಪಾಠ ಹೇಳಿಕೊಡ್ತೀನಿ. ಒಂದು ಸರ್ಟಿಫಿಕೇಟ್ ಇದ್ದರೆ ಸಾಕು, ಅಮ್ಮನ ಮುಂದೆ ನಾನು ಧೈರ್ಯವಾಗಿ ನಿನ್ನ ಹೆಸರೆತ್ತಬಹುದು."

ಅವಳ ಪಕ್ಕದಲ್ಲಿ ಕೂತು ಓದುವ ಸಂಜೆಗಳು ಅವನ ಕಣ್ಣ ಮುಂದೆ ಹಾದುಹೋದವು. ಎಷ್ಟು ಚೆಂದದ ಸಂಜೆಗಳು! ಹೂಂ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು.

"ಪರೀಕ್ಷೆ ಕಟ್ಟದಿದ್ದರೆ?" ಅಂತ ಕೇಳಿದ. "ಹೀಗೇ ಇದ್ದರೆ, ಹೆಸರೆತ್ತಲ್ವಾ?"

ಗುರುವಾರ ಗಿರಣಿಯಲ್ಲಿ ಅವನನ್ನು ಬಿಟ್ಟು ಕದಲದಿದ್ದ ಕಣ್ಣು ನೆಲಕ್ಕೆ ಇಳಿಯಿತು. ಅವನು ಕಾದ. ಕಾರಿಡಾರಿನ ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಕಣ್ಣು ಮೇಲೇಳಲಿಲ್ಲ.

ಅವನು ತನ್ನ ತೋಳಿನ ಮೇಲಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ನೋಯದ ಹಾಗೆ.

"ನಾಳೆ ಬೆಳಿಗ್ಗೆ ಗಿರಣಿಗೆ ನಾನೂ ಬರ್ತೀನಿ," ಅವಳ ದನಿ ಒಡೆಯಿತು. "ವ್ಯಾನು ನಿಲ್ಲಿಸ್ತೀಯಾ ನನಗೆ? ಹೇಳೋ, ಕಾಯ್ತೀಯಾ?"

ಅವನು ಗೋಡೆಗೊರಗಿಸಿದ್ದ ತನ್ನ ಬಲೆಯ ಗಂಟನ್ನು ಹೆಗಲಿಗೇರಿಸಿ, ಉತ್ತರ ಕೊಡದೆ, ಮೆಟ್ಟಿಲಿಳಿದು ಹೊರಟುಹೋದ.